ಉಂಗುರಕ್ಕೆ ಬಣ್ಣ ಬಂದದ್ದು

9-3-98, ಸೋಮವಾರ

ನಲ್ಲಿಯಲ್ಲಿ ಇವತ್ತೂ ನೀರಿಲ್ಲ. ಪಕ್ಕದ ಬೀದಿಯ ಬೋರ್‌ವೆಲ್‌ಗೆ ಎರಡು ಸಲ ಹೋಗಿ ಬಂದೆ. ಆಫೀಸಿಗೆ ತಡ. ಚಾಮರಾಜನಗರ ಜಿಲ್ಲೆಯಾದ ಮೇಲೆ ನಮ್ಮಲ್ಲಿ ಕುರ್ಚಿಗಿಂತ ಜನ ಜಾಸ್ತಿ. ತಡವಾಗಿ ಹೋದವನಿಗೆ ಕಿಟಕಿ ಪಕ್ಕದ ಮುರುಕು ಸ್ಟೂಲೇ ಗತಿ.

ಟೀ ಹೊತ್ತಿನಲ್ಲಿ ಹೆಡ್ ಕ್ಲರ್ಕ್ ಗುರುಪಾದಸ್ವಾಮಿ ನನ್ನ ಕೈ ಹಿಡಿದು ಉಂಗುರ ತಿರುಗಿಸಿ ನೋಡಿದರು. "ಏನಪ್ಪಾ ಶಿವರಾಮು, ಕಲ್ಲುಸಕ್ಕರೆ ಕಟ್ಟಿಸ್ಕೊಂಡಿದ್ದೀಯಾ? ಟೀಗೆ ಹಾಕ್ಬುಡು, ಕರಗ್ತದೆ." ಎಲ್ಲರೂ ನಕ್ಕರು. ನಾನೂ ನಕ್ಕೆ. ಹೊಟ್ಟೆ ಉರಿಯುವುದು ಅದಕ್ಕೇ — ನಾನೂ ನಕ್ಕೆನಲ್ಲ! ಅವರ ಬೆರಳಲ್ಲಿ ಹುಣಸೆಬೀಜದಷ್ಟು ದಪ್ಪನೆಯ ಪುಷ್ಯರಾಗ.

ನನ್ನದು ಮದುವೆಯಲ್ಲಿ ಅತ್ತೆ ಕೊಟ್ಟ ಉಂಗುರ. ಚಿನ್ನಕ್ಕೆ ಕೊರತೆಯಿಲ್ಲ. ಕಲ್ಲು ಮಾತ್ರ ಬಿಳಿಚಿಕೊಂಡಿದೆ, ಅಕ್ಕಿ ತೊಳೆದ ನೀರಿನ ಬಣ್ಣ. ಮೇಜಿನ ಕೆಳಗೆ ಬಚ್ಚಿಡೋಣವೆಂದರೆ ಇರುವುದು ಬರೆಯುವ ಕೈಯಲ್ಲೇ.

10-3-98

ಕಲ್ಲಿಗೆ ಇನ್ನೊಮ್ಮೆ ಸಾಣೆ ಹಿಡಿಸುತ್ತೇನೆ, ಇಲ್ಲವೇ ಬೇರೆ ಥರ ಕಟ್ಟಿಸುತ್ತೇನೆ ಅಂದೆ. ಭಾನು ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟಳು.

ಈಗ ಹೇಳುತ್ತಾಳೆ. ಅದು ಅವಳವ್ವನ ಓಲೆಯ ಕಲ್ಲಂತೆ. ಮಾವ ಅರಣ್ಯ ಇಲಾಖೆಯ ಮದ್ದೂರು ರೇಂಜಿನಲ್ಲಿ ವಾಚರ್ ಆಗಿದ್ದಾಗ ಹೆಂಡತಿಗೆ ಮಾಡಿಸಿಕೊಟ್ಟದ್ದು. ಕಿವಿಯಲ್ಲಿದ್ದಾಗ ಚೆನ್ನಾಗಿ ಕಳಿತ ದಾಳಿಂಬೆ ಕಾಳಿನ ಹಾಗೆ ಕೆಂಪಗಿತ್ತಂತೆ. ಮಾವ ತೀರಿಕೊಂಡ ದಿನ ಅತ್ತೆ ಓಲೆ ಬಿಚ್ಚಿಟ್ಟರು. ನಮ್ಮ ಮದುವೆಗೆ ಎರಡೂ ಓಲೆ ಒಡೆಸಿ, ಒಂದರ ಕಲ್ಲಿನಲ್ಲಿ ಅಳಿಯನಿಗೆ ಉಂಗುರ ಮಾಡಿಸಿದರು. ಗುಂಡ್ಲುಪೇಟೆ ಅಂಗಡಿಯಿಂದ ವಾಪಸ್ ಬಂದಾಗ ಕಲ್ಲು ಹೀಗಿತ್ತು. ಅವರು ಹೋದರು, ಕಲ್ಲಿನ ಜೀವವೂ ಹೋಯಿತು ಅಂತ ಅತ್ತೆ ಅತ್ತರಂತೆ.

ಇದೆಲ್ಲ ಮೊದಲೇ ಹೇಳಬಾರದಿತ್ತೇ ಎಂದು ರೇಗಿದೆ. ನೀವು ಕೇಳಿದ್ದು ಯಾವಾಗ ಅಂದಳು. ಅದೂ ಸರಿಯೇ.

15-3-98, ಭಾನುವಾರ

ಅಂಗಡಿ ಬೀದಿಯ ಆಚಾರ್ರ ಹತ್ತಿರ ಹೋಗಿದ್ದೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿದರು. ಓಲೆಯ ಕಥೆ ಹೇಳಿದೆ. ಕಲ್ಲಿನ ಜೀವ ಎಲ್ಲಿಗೂ ಹೋಗಿಲ್ಲ ಸ್ವಾಮಿ, ಹುಟ್ಟಿದ್ದೇ ಬಿಳಿ ಅಂದರು. ಹಳೇ ಓಲೆಗೆ ಹಿಂಭಾಗ ಮುಚ್ಚಿರುತ್ತದೆ, ಕಲ್ಲಿನ ಅಡಿಗೆ ಕೆಂಪು ತಗಡು ಕೊಟ್ಟಿರುತ್ತಾರೆ, ಆ ಬಣ್ಣವೇ ಮೇಲೆ ಕಾಣುವುದು. ಉಂಗುರ ಮಾಡುವಾಗ ಕಲ್ಲು ಮೈಗೆ ತಾಗಲಿ ಅಂತ ಹಿಂಭಾಗ ತೆರೆದರು. ತಗಡು ಕಸಕ್ಕೆ ಹೋಯಿತು.

ಮೈಗೆ ತಾಗಬೇಕು ಅಂದದ್ದು ಅತ್ತೆಯೇ. ತಾಗಿದರೇ ಅಳಿಯನಿಗೆ ಒಳ್ಳೆಯದು ಅಂತ ಯಾರೋ ಹೇಳಿದ್ದರಂತೆ. ನನ್ನ ಒಳ್ಳೆಯದಕ್ಕೇ ಬಣ್ಣ ಕಳೆದುಕೊಂಡರು.

ದಾರಿ ಎರಡೇ. ಮೈಸೂರಿಗೆ ಕಳಿಸಿ ಸಾಣೆ ಹಿಡಿಸಿದರೆ ಹೊಳಪು ಬರುತ್ತದೆ — ಕಲ್ಲು ಅರ್ಧಕ್ಕಿಳಿಯುತ್ತದೆ, ಬಣ್ಣ ಬರುವುದಿಲ್ಲ. ಹಿಂಭಾಗ ಮುಚ್ಚಿ ತಗಡು ಕೊಟ್ಟರೆ ಮೊದಲಿನ ಹಾಗೇ ಕೆಂಪು, ಆದರೆ ಮೈಗೆ ತಾಗುವುದಿಲ್ಲ. ಯೋಚನೆ ಮಾಡಿ ಬರುತ್ತೇನೆ ಅಂದು ಎದ್ದೆ.

ಭಾನುವಿಗೆ ಹೇಳಿದೆ. "ಅವ್ವ ಕೆಂಪು ಕಲ್ಲು, ಕೆಂಪು ಕಲ್ಲು ಅಂತ ಊರಿಗೆಲ್ಲ ತೋರುಸ್ಕೊಂಡು ಓಡಾಡಿದ್ಲು ಕಣ್ರೀ. ಅವ್ಳಿಗೆ ಗೊತ್ತಾಗ್ಬಾರ್ದು."

19-3-98

ಉಂಗುರ ಬಿಚ್ಚಿ ಬೀರುವಿನಲ್ಲಿಟ್ಟೆ. ಬೆರಳು ಊದಿದೆ ಅಂತ ಆಫೀಸಿನಲ್ಲಿ ಹೇಳಿದೆ. ಯಾರೂ ಕೇಳಿರಲಿಲ್ಲ. ನಾನೇ ಹೇಳಿದೆ. ಥೂ.

28-3-98, ಯುಗಾದಿ, ಗುಂಡ್ಲುಪೇಟೆ

ಬೆಳಗಿನ ಬಸ್ಸಿಗೆ ಬಂದೆವು. ತೆರಕಣಾಂಬಿ ದಾಟಿದ ಮೇಲೆ ಭಾನು ನನ್ನ ಬೆರಳು ನೋಡಿದಳು. ಎಲ್ಲಿ ಅಂದಳು. ಮರೆತೆ ಅಂದೆ. ಮರೆತಿರಲಿಲ್ಲ. ಅತ್ತೆಯ ಬೀದಿಯಲ್ಲಿ ಹಬ್ಬಕ್ಕೆ ಇನ್ನೂ ಮೂರು ಮನೆಯ ಅಳಿಯಂದಿರು ಬರುತ್ತಾರೆ. ಜಗಲಿಯ ಮೇಲೆ ಎಲ್ಲರ ಕೈಯೂ ಕಾಣುತ್ತದೆ.

ಅತ್ತೆ ಒಬ್ಬಟ್ಟು ಬಡಿಸಲು ಬಂದವರು ನನ್ನ ಕೈ ನೋಡಿದರು. ತುಪ್ಪ ಹಾಕುವಾಗ ಮತ್ತೆ ನೋಡಿದರು. ಇನ್ನೊಂದು ಹಾಕುಸ್ಕಳಿ ಅಂದರು ಅಷ್ಟೆ.

ಕೈ ತೊಳೆಯಲು ಹಿತ್ತಿಲಿಗೆ ಹೋಗಿದ್ದೆ. ಒಳಗೆ ಅತ್ತೆ ಭಾನುವಿಗೆ ಹೇಳುತ್ತಿದ್ದರು — "ಬಿಚ್ಚಿಟ್ಟವ್ರೆ ಅಲ್ವಾ? ಬುಡು ಕಣಮ್ಮಿ, ಅವ್ರುದೇನು ತಪ್ಪು. ನಾಕ್ ಜನದಲ್ಲಿ ಓಡಾಡೋರು. ನಾನೇ ಅಂತದ್ದ ಕೊಡ್ಬಾರ್ದಿತ್ತು."

ಚೊಂಬು ಹಿಡಿದುಕೊಂಡು ಅಲ್ಲೇ ನಿಂತೆ. ಮಾನ ಹೋಯಿತು ನನ್ನದು. ಬೇರೆ ಯಾರೂ ತೆಗೆಯಲಿಲ್ಲ, ನಾನೇ ತೆಗೆದುಕೊಂಡೆ.

30-3-98

ಆಫೀಸಿಗೆ ಅರ್ಧ ದಿನ ರಜೆ. ಆಚಾರ್ರಿಗೆ ಉಂಗುರ ಕೊಟ್ಟೆ. ಸಾಣೆ ಬೇಡ. ಕಲ್ಲನ್ನು ಅರ್ಧ ಮಾಡಿಕೊಂಡು ಹೋಗಿ ಅತ್ತೆಯ ಮುಂದೆ ಹೇಗೆ ನಿಲ್ಲಲಿ? ಹಿಂದೆ ಮುಚ್ಚಿ ಕೆಂಪು ತಗಡು ಕೊಡಿ ಅಂದೆ. ನೀರು ಸೋಕಿಸಬೇಡಿ, ಒಳಕ್ಕಿಳಿದರೆ ತಗಡು ಕಪ್ಪಾಗುತ್ತದೆ ಅಂದರು.

ಇದು ಅತ್ತೆಗಾಗಿ ಅಂದುಕೊಂಡೆ. ಪೂರ್ತಿ ನಿಜವಲ್ಲ.

12-4-98, ಭಾನುವಾರ, ಗುಂಡ್ಲುಪೇಟೆ

ಚಪ್ಪಲಿ ಬಿಡುವ ಮೊದಲೇ ಅತ್ತೆ ನೋಡಿದರು. ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಾಗಿಲ ಬೆಳಕಿಗೆ ಎಳೆದರು. ಹಿಂದೆಂದೂ ನನ್ನನ್ನು ಮುಟ್ಟಿದವರಲ್ಲ, ಎದುರಿಗೆ ಕೂತವರೂ ಅಲ್ಲ.

"ಕೆಂಪಾಯ್ತು ಕಣಮ್ಮಿ ಭಾನೂ. ನಿಮ್ಮಪ್ಪನ ಕಲ್ಲು ಕೆಂಪಾಯ್ತು. ಅಳಿಯಂದಿರ ಮೈಗೆ ಹಿಡುಸ್ತು."

ಬಾಯಿ ತೆರೆದೆ. ಭಾನು ಹಿಂದಿನಿಂದ ಅಂಗಿ ಜಗ್ಗಿದಳು. ಮುಚ್ಚಿಕೊಂಡೆ.

ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸಿದರು. ಒಳ್ಳೇ ಗಂಡಸಿನ ಕೈ ಸೇರಿದರೆ ಹಂಗೇ ಅಂತ ಯಾವುದೋ ಅಜ್ಜಿ ಹೇಳಿತು. ನಾಚಿಕೆಯಾಯಿತು, ನಿಜ. ಆದರೆ ಹೆಮ್ಮೆಯೂ ಆಯಿತಲ್ಲ, ಅದನ್ನು ಎಲ್ಲಿ ಬರೆಯಲಿ. ತಗಡಿನ ಬಣ್ಣಕ್ಕೆ ಎದೆ ಉಬ್ಬಿಸಿ ಕೂತಿದ್ದೆ.

10-5-98, ಭಾನುವಾರ

ಬರೆಯದೆ ತಿಂಗಳಾಗುತ್ತ ಬಂತು. ಎಲ್ಲ ಸರಿಹೋಯಿತು ಅಂದುಕೊಂಡಿದ್ದೆ.

ಭಾನುವಿನ ತಂಗಿ ಕುಮಾರಿಗೆ ಗಂಡು ಗೊತ್ತಾಗಿದೆ. ಕೊಳ್ಳೇಗಾಲದ ಕಡೆಯವನು, ಮೇಷ್ಟ್ರು. ಇವತ್ತು ಅತ್ತೆ ನಮ್ಮ ಮನೆಗೆ ಬಂದು ಸೆರಗಿನ ಗಂಟು ಬಿಚ್ಚಿದರು. ಒಳಗೆ ಇನ್ನೊಂದು ಓಲೆಯ ಕಲ್ಲು. ಅದೂ ಬಿಳಿ. ಎರಡನೇ ಅಳಿಯನಿಗೂ ಇದರಲ್ಲೇ ಉಂಗುರ ಮಾಡಿಸಿಕೊಡಬೇಕಂತೆ. ಹಿಂದೆ ತೆರೆದಿರಬೇಕು, ಮೈಗೆ ತಾಗಬೇಕು. ತಾವೇ ಆಚಾರ್ರ ಮುಂದೆ ಕೂತು ಮಾಡಿಸುತ್ತಾರಂತೆ.

ಅಷ್ಟಾದರೆ ಹೇಗೋ ಆಗುತ್ತಿತ್ತು. ಬೀಗರಿಗೆ ಆಗಲೇ ಹೇಳಿಬಿಟ್ಟಿದ್ದಾರೆ! ಹಾಕಿಕೊಂಡಾಗ ಕಲ್ಲು ಬಿಳಿ ಇರುತ್ತದೆ, ಗಂಡು ಒಳ್ಳೆಯವನಾದರೆ ಆಮೇಲೆ ಕೆಂಪಾಗುತ್ತದೆ, ದೊಡ್ಡಳಿಯಂದಿರಿಗೆ ಆಗಿದೆ, ಬೇಕಾದರೆ ಬಂದು ನೋಡಿ — ಅಂತ. ಆ ಮನೆಯವರು ಖುಷಿಯಾಗಿದ್ದಾರಂತೆ. ಇನ್ನು ಮದುವೆಯಾದ ಮೇಲೆ ಆ ಹುಡುಗ ದಿನಾ ಬೆರಳು ನೋಡಿಕೊಳ್ಳುತ್ತಾನೆ. ಅವನಮ್ಮನೂ ನೋಡುತ್ತಾಳೆ. ಕೆಂಪಾಗದಿದ್ದರೆ ಅನ್ನಿಸಿಕೊಳ್ಳುವವಳು ಕುಮಾರಿ.

ಅತ್ತೆ ಊಟ ಮಾಡಿ ಮೂರು ಗಂಟೆ ಬಸ್ಸಿಗೆ ಹೊರಟರು. ಭಾನು ನನ್ನ ಮುಖ ನೋಡಿದಳು. "ನಾನೇ ಬಾಯಿ ಮುಚ್ಚಿಸ್ದೆ, ಗೊತ್ತು. ಈಗ ನೀವೇ ಹೇಳ್ಬೇಕು. ನನ್ ಕೈಲಾಗಲ್ಲ."

13-5-98

ಭಾವಮೈದುನನನ್ನು ಕೂರಿಸಿಕೊಂಡು ಹೇಳಿಸೋಣ ಎಂದುಕೊಂಡೆ. ಅತ್ತೆಗೆ ಗಂಡುಮಕ್ಕಳೇ ಇಲ್ಲ. ಹೆದರಿದವನ ತಲೆ ಹೀಗೇ ಓಡುವುದು.

ಬಸ್ ಸ್ಟ್ಯಾಂಡ್‌ವರೆಗೆ ಹೋಗಿ ವಾಪಸ್ ಬಂದೆ. ಭಾನುವಿಗೆ ಬಸ್ ಸಿಗಲಿಲ್ಲ ಅಂದೆ. ಅವಳು ನಂಬಲಿಲ್ಲ. ಅನ್ನ ಬಡಿಸಿ ಒಳಗೆ ಹೋದಳು.

14-5-98

ಗುರುಪಾದಸ್ವಾಮಿ ಇವತ್ತು ಉಂಗುರ ಹೊಗಳಿದರು. ಎಲ್ಲಿ ಕಟ್ಟಿಸಿದೆ, ನನಗೂ ಹೇಳು ಅಂದರು. ಫೈಲು ಎತ್ತಿಕೊಂಡು ಎದ್ದುಬಂದೆ.

17-5-98, ಭಾನುವಾರ, ಗುಂಡ್ಲುಪೇಟೆ, ಸಂಜೆ

ಹೇಳಿದೆ.

ಅತ್ತೆ ಅಂಗಳದಲ್ಲಿ ಹುರುಳಿ ಕೇರುತ್ತಿದ್ದರು. ನನ್ನನ್ನು ಕಂಡು ಏಳಹೋದರು. ಕೂತ್ಕೊಳಿ ಅತ್ತೆ ಅಂತ ನಾನೂ ನೆಲದ ಮೇಲೇ ಕೂತೆ. ಗಾಬರಿಯಾದರು. ಉಂಗುರ ಬಿಚ್ಚಿ ಅವರ ಕೈಗೆ ಕೊಟ್ಟೆ, ತಿರುಗಿಸಿ ನೋಡಿ ಅಂದೆ. ಹೆಬ್ಬೆರಳಿನಿಂದ ಹಿಂಭಾಗ ಸವರಿದರು. ಮುಚ್ಚೈತಲ್ಲ ಅಂದರು.

ತಗಡಿನ ವಿಷಯ ಹೇಳಿದೆ. ಓಲೆಯಲ್ಲೂ ಅದೇ ಇದ್ದದ್ದು ಅಂದೆ. ಆಫೀಸಿನಲ್ಲಿ ನಕ್ಕದ್ದು, ಹಬ್ಬಕ್ಕೆ ಬೇಕೆಂದೇ ಬಿಚ್ಚಿಟ್ಟು ಬಂದದ್ದು, ಹಿತ್ತಿಲಲ್ಲಿ ಅವರ ಮಾತು ಕೇಳಿಸಿಕೊಂಡದ್ದು, ಎಲ್ಲ. ಭಾನು ಅಂಗಿ ಜಗ್ಗಿದ್ದೊಂದನ್ನು ಬಿಟ್ಟು. ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

ಬೀಗರಿಗೆ ನಾನೇ ಹೋಗಿ ಹೇಳುತ್ತೇನೆ ಅಂದೆ. ಬ್ಯಾಡ, ನಾ ಆಡಿದ್ ಮಾತು, ನಾನೇ ಯೋಳ್ತೀನಿ ಅಂದರು. ಕುಮಾರಿಯ ಗಂಡಿಗೆ ಕಲ್ಲಿಲ್ಲದ ಉಂಗುರ ಸಾಕಂತೆ.

ಮೊರ ಎತ್ತಿಕೊಂಡರು. ಮತ್ತೆ ಕೆಳಗಿಟ್ಟರು. ಉಂಗುರ ಇನ್ನೂ ಅವರ ಕೈಯಲ್ಲೇ ಇತ್ತು.

"ಅವ್ರಿಗೆ ಗೊತ್ತಿತ್ತಾ?"

ಯಾರಿಗೆ ಅಂತ ನಾನು ಕೇಳಲಿಲ್ಲ. ಮಾವನನ್ನು ನಾನು ಕಂಡೇ ಇಲ್ಲ. ಮಾಡಿಸಿದವರಿಗೆ ಗೊತ್ತಿಲ್ಲದೆ ಇರುತ್ತದೆಯೇ? ಇಲ್ಲ ಅತ್ತೆ, ಅವರಿಗೂ ಗೊತ್ತಿರಲಿಲ್ಲ ಅಂದೆ. ನಾಲಿಗೆ ಒಂಚೂರೂ ತಡವರಿಸಲಿಲ್ಲ.

ಅತ್ತೆಯ ಮುಖ ತಿಳಿಯಾಯಿತು. ಉಂಗುರವನ್ನು ಸೆರಗಿನಲ್ಲಿ ಒರೆಸಿ ನನಗೆ ಕೊಟ್ಟರು.

"ಗೊತ್ತಿರ್ನಿಲ್ಲ ಕಣಪ್ಪ. ಗೊತ್ತಿದ್ರೆ ಯೋಳೋರು. ನಂಗೆ ಅವ್ರು ಒಂದಿನಾನೂ ಏನ್ನೂ ಮುಚ್ಚಿಟ್ಟೋರಲ್ಲ."

ಹಾಕಿಕೊಳ್ಳಿ ಅಂದರು. ಹಾಕಿಕೊಂಡೆ. ಆಮೇಲೆ ಅವರು ಕುಮಾರಿಯನ್ನು ಕರೆದು, ಭಾವಂಗೆ ಕಾಫಿ ಮಾಡು ಅಂದರು. ನಾನು ಹಿತ್ತಿಲಿಗೆ ಹೋಗಿ, ಉಂಗುರಕ್ಕೆ ನೀರು ಸೋಕದ ಹಾಗೆ ಬೆರಳು ಮಡಚಿಕೊಂಡು ಕೈ ತೊಳೆದೆ.