ಅಮ್ಮನ ಹಿತ್ತಲಿನ ಕೆಸು

ಉಲ್ಲಾಳ
27 ಅಕ್ಟೋಬರ್ 2024

ಪ್ರೀತಿಯ ಮೋಹನನಿಗೆ,

ಅಕ್ಕನ ಆಶೀರ್ವಾದ. ನಿನ್ನ ಮಂಡಿನೋವು ಹೇಗಿದೆ? ಮಗಳು ಕೀರ್ತನಾಳ ಕೆಮ್ಮು ಕಡಿಮೆಯಾಯಿತೇ? ಉಲ್ಲಾಳಕ್ಕೂ ಕೆಂಗೇರಿಗೂ ಒಂದು ಬಸ್ಸಿನ ದೂರ, ಆದರೂ ಕಾಗದ ಬರೆಯಬೇಕಾಗಿದೆ. ಫೋನ್ ಮಾಡಿದಾಗಲೆಲ್ಲ ನೀನು ಮೀಟಿಂಗಿನಲ್ಲಿರುತ್ತೀಯೆ. ಗೌರಿಹಬ್ಬಕ್ಕೆ ಬಾಗಿನ ಕೊಟ್ಟು ಹೋದವನು ಅಕ್ಕ ಇದ್ದಾಳೋ ಇಲ್ಲವೋ ಎಂದೂ ಆಮೇಲೆ ಕೇಳಲಿಲ್ಲ.

ವಿಷಯ ಕೆಸವಿನದು. ನನ್ನ ಮದುವೆಯಲ್ಲಿ ಅಮ್ಮ ಮಡಿಲು ತುಂಬುವಾಗ ಅಕ್ಕಿಯ ಜೊತೆ ಹಾಕಿದ ಗೆಡ್ಡೆಯಿಂದ ಬಂದ ಪಾತಿ ಅದು, ಬಚ್ಚಲ ನೀರು ಕುಡಿದು ಇಷ್ಟು ವರ್ಷ ಬೆಳೆದದ್ದು. ಈ ಸಲ ಬಾಗಿನದ ಜೊತೆ ನೀನು ನಾಲ್ಕಾರು ಸಸಿ ತಂದು, "ಅಮ್ಮನ ಹಿತ್ತಲಿಂದ ಕಿತ್ಕೊಂಡ್ ಬಂದೆ ಕಣಕ್ಕ" ಅಂದಾಗ ನನಗೆ ಕಣ್ಣು ತುಂಬಿ ಬಂದಿತ್ತು. ಹಳೆಯ ಗಿಡಗಳ ನಡುವೆಯೇ ನೆಟ್ಟೆ.

ಸ್ವಲ್ಪ ದಿನಕ್ಕೇ ಆ ಸಸಿಗಳ ಎಲೆಯ ಮೇಲೆ ನೀರಿನಲ್ಲಿ ನೆಂದಂಥ ಚುಕ್ಕೆಗಳು ಕಂಡವು. ಮಳೆಹನಿ ಎಂದುಕೊಂಡೆ, ಆದರೆ ಕೆಸವಿನ ಎಲೆಗೆ ನೀರು ಎಲ್ಲಿ ಅಂಟುತ್ತದೆ? ಚುಕ್ಕೆ ಕಂದು ಬಣ್ಣಕ್ಕೆ ತಿರುಗಿ ಬಳೆಬಳೆಯಾಗಿ ಹರಡಿತು, ಬೆಳಿಗ್ಗೆ ನೋಡಿದರೆ ಅಂಚಿಗೆಲ್ಲ ಬಿಳಿ ಬೂಷ್ಟು. ಕೀಳಲು ಹೋದರೆ ನಮ್ಮತ್ತೆ, "ತವರಿಂದ ಬಾಗಿನದ ಜೊತೆ ಬಂದಿದ್ದನ್ನ ಯಾರಾದ್ರೂ ಕಿತ್ತಾಕ್ತಾರೇನೇ" ಎಂದು ತಡೆದರು. ಅಷ್ಟರಲ್ಲಿ ಮಳೆ ಹಿಡಿಯಿತು. ಹನಿ ಸಿಡಿದು ಸಿಡಿದು ಅಮ್ಮನ ಗಿಡಗಳಿಗೂ ಹತ್ತಿತು. ಗೊಬ್ಬರದಂಗಡಿಯ ಮಧುಕುಮಾರ್ ಎಲೆ ನೋಡಿದವರೇ ಅಂಗಮಾರಿ ಎಂದರು. ಅವರು ಹೇಳಿದಂತೆ ರೋಗದ ಎಲೆಗಳನ್ನು ಕೊಯ್ದು, ತಿಪ್ಪೆಗೆ ಹಾಕದೆ ಸುಟ್ಟೆ. ಒತ್ತಾಗಿದ್ದ ಕಡೆ ಗಿಡ ತೆಗೆದು ಗಾಳಿಯಾಡುವಂತೆ ಮಾಡಿದೆ. ಎಲೆಯ ಅಡಿಗೂ ಬೀಳುವಂತೆ ಔಷಧಿ ಹೊಡೆದೆ, ಸಂಜೆಯ ಮಳೆ ಅದನ್ನು ತೊಳೆದುಬಿಡುತ್ತಿತ್ತು. ಈಗ ಪಾತಿಯಲ್ಲಿ ಬರೀ ದಂಟುಗಳು ನಿಂತಿವೆ. ಗೆಡ್ಡೆಯೂ ಕೊಳೆತಿದೆ, ಬಿತ್ತನೆಗೆ ಒಂದನ್ನೂ ಇಟ್ಟುಕೊಳ್ಳುವಂತಿಲ್ಲ.

ಸಸಿ ಬಂದದ್ದು ನಿನ್ನಲ್ಲಿಂದ ತಾನೆ, ಅಲ್ಲೂ ರೋಗ ಇರಲೇಬೇಕು. ಹಿತ್ತಲಿಗೆ ಹೋಗಿ ನೋಡು. ಚುಕ್ಕೆಯಿಲ್ಲದ ಗಿಡ ಒಂದಾದರೂ ಇದ್ದರೆ ಉಳಿಸು. ಮನೆ ನಿನಗೆ ಬಂತು, ಅಮ್ಮನ ಒಡವೆ ನಿನ್ನ ಹೆಂಡತಿಗೆ ಹೋಯಿತು, ನಾನು ಬಾಯಿ ಬಿಡಲಿಲ್ಲ. ಅಮ್ಮ ಕೈಯಾರೆ ಕೊಟ್ಟದ್ದೆಂದು ನನಗಿದ್ದದ್ದು ಇದೊಂದೇ. ಒಂದು ಗೆಡ್ಡೆ ಕೇಳುತ್ತಿದ್ದೇನೆ, ಅಷ್ಟೆ.

ದೀಪಾವಳಿಯ ಎಣ್ಣೆಸ್ನಾನ ತಪ್ಪಿಸಬೇಡ, ಮಂಡಿಗೆ ಒಳ್ಳೆಯದು. ಮನೆಯವರಿಗೆಲ್ಲ ನನ್ನ ನೆನಪು ಹೇಳು.

ನಿನ್ನ ಅಕ್ಕ,
ಪಂಕಜಾ

ತಾ.ಕ.: ಲಕೋಟೆ ಅಂಟಿಸುವಾಗ ಕೀರ್ತನಾ ಫೋನ್ ಮಾಡಿದಳು. ಅಜ್ಜಿಯ ಕೆಸವಿನ ಗಿಡ ಹೇಗಿದೆ ನೋಡಮ್ಮ ಎಂದೆ. "ಯಾವ್ ಗಿಡ ಅತ್ತೆ? ಹಿತ್ತಲಿಗೆ ಹೋದ್ ವರ್ಷಾನೇ ಸಿಮೆಂಟ್ ಹಾಕ್ಸಿ ಕಾರ್ ನಿಲ್ಲಿಸ್ತಾ ಇದೀವಲ್ಲ. ನಿಮಗೆ ಅಪ್ಪ ತಂದಿದ್ದು ನರ್ಸರೀದು" ಅಂದಳು. ನರ್ಸರಿಯದು ಎಂದಿದ್ದರೆ ದೂರದಲ್ಲಿ ಕುಂಡದಲ್ಲಿಟ್ಟು, ನೋಡಿಕೊಂಡು ನೆಡುತ್ತಿದ್ದೆ. ನೀನು ಅಮ್ಮನದು ಎಂದದ್ದಕ್ಕೇ ಅಮ್ಮನ ಗಿಡಗಳ ನಡುವೆ ನೆಟ್ಟೆ. ಬರುವ ಗೌರಿಗೆ ಬಾಗಿನ ತರಬೇಡ. ತವರಿನದು ಎಂದು ನೀನು ಏನು ಕೊಟ್ಟರೂ ಇನ್ನು ನನ್ನ ಕೈ ಮುಂದೆ ಬರುವುದಿಲ್ಲ.