ಗ್ಯುಮ್ರಿಗೆ ಎರಡು ಸೀಟು

ಕುತೈಸಿ, ಜಾರ್ಜಿಯಾ
ಅಕ್ಟೋಬರ್ 9, ಬುಧವಾರ ಮಧ್ಯಾಹ್ನ

ಪ್ರೀತಿಯ ಅಗಾತ್ಕಾ,

ಫೋನಿನಲ್ಲಿ ಹೇಳಿದರೆ ನೀನು ನಡುವೆ ಬಾಯಿ ಹಾಕುತ್ತೀ, ನಾನು ಸೋತುಬಿಡುತ್ತೇನೆ. ಅದಕ್ಕೇ ಈ ಕಾಗದ. ನವೆಂಬರ್ ನಾಲ್ಕರೊಳಗೆ ನಾನು ಊರಿಗೆ ಬರುವುದಿಲ್ಲ. ನೀನು ಮತ್ತೆ ಕೆಲಸಕ್ಕೆ ಹೋಗುವ ದಿನದಿಂದ ಮಗುವನ್ನು ನೋಡಿಕೊಳ್ಳುತ್ತೇನೆಂದು ಮಾತು ಕೊಟ್ಟವಳು ನಾನೇ. ತಪ್ಪಿದವಳೂ ನಾನೇ. ಏಕೆಂದು ಹೇಳುತ್ತೇನೆ, ಪೂರ್ತಿ ಓದು.

ಲಮಾರಾಳ ಹೆಸರು ನಿನಗೆ ಗೊತ್ತು. ಹದಿನೇಳನೆಯ ವಯಸ್ಸಿನಲ್ಲಿ ಕಪ್ಪು ಸಮುದ್ರದ ದಂಡೆಯ ಬೇಸಿಗೆ ಶಿಬಿರದಲ್ಲಿ ನನ್ನ ಪಕ್ಕದ ಮಂಚದಲ್ಲಿ ಮಲಗುತ್ತಿದ್ದವಳು, ಹೊಸ ವರ್ಷಕ್ಕೆ ತಪ್ಪದೆ ಕಾರ್ಡು ಕಳಿಸುವವಳು. ಬೆನ್ನ ಮೇಲೆ ಚೀಲ ಹೊತ್ತು ಅವಳ ಗೇಟಿನ ಮುಂದೆ ನಿಂತಾಗ ನಲವತ್ತೈದು ವರ್ಷಗಳ ನಂತರ ಅವಳಾಡಿದ ಮೊದಲ ಮಾತು ಇದು: "ಅಯ್ಯೋ, ಮನೆ ಹೊತ್ಕೊಂಡು ಬಂದ ಆಮೆ ಥರ ಇದ್ದೀಯಲ್ಲೇ! ಇಳಿಸೇ ಅದನ್ನ!" ಮುರುಕು ರಷ್ಯನ್‌ನಲ್ಲಿ ಶುರುವಾದ ಹರಟೆ ಇನ್ನೂ ಮುಗಿದಿಲ್ಲ. ಎರಡು ದಿನಕ್ಕೆಂದು ಬಂದವಳು ಒಂಬತ್ತು ದಿನ ಉಳಿದೆ. ಅವರ ಹಿತ್ತಲಿನ ದ್ರಾಕ್ಷಿ ಕೊಯ್ದೆವು. ಅವಳ ಗಂಡ ಓತಾರ್ ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಅದರಲ್ಲಿ ಆರು ನಾಯಿಯೊಂದಿಗೆ.

ಕಳೆದ ಶುಕ್ರವಾರ ಚೀಸ್ ರೊಟ್ಟಿಗೆ ಹಿಟ್ಟು ನಾದುತ್ತಾ ಅವಳು ತಲೆ ಎತ್ತದೆ ಕೇಳಿದಳು: "ನೀನು ಅರ್ಮೇನಿಯಾಕ್ಕೆ ಹೋಗ್ವಾಗ ನಾನೂ ಬರ್ಲಾ? ಪಾಸ್‌ಪೋರ್ಟ್ ಮಾಡಿಸಿ ಆರು ವರ್ಷ ಆಯ್ತು. ಅಲ್ಮೇರಾ ಬಿಟ್ಟು ಎಲ್ಲೂ ಹೋಗಿಲ್ಲ ಅದು."

ನಾನು ಬೇಡ ಎಂದೆ, ಅಗಾತ್ಕಾ. "ಈ ವಯಸ್ಸಲ್ಲಾ? ಈ ಮಂಡಿ ಇಟ್ಕೊಂಡಾ? ಮನೇಲಿ ಇವರನ್ನೆಲ್ಲ ಯಾರು ನೋಡ್ತಾರೆ?" ಎಂದು ಕೇಳಿದೆ. ಬಾಯಿಂದ ಬಿದ್ದ ಮೇಲೆ ಗೊತ್ತಾಯಿತು, ಇವು ಜೂನ್‌ನಲ್ಲಿ ನಾನು ಈ ಪ್ರವಾಸದ ಮಾತೆತ್ತಿದಾಗ ನಿನ್ನ ಅಡುಗೆಮನೆಯಲ್ಲಿ ನೀನು ನನಗೆ ಹೇಳಿದ ಮಾತುಗಳೇ. ಅಂದು ನಾನೆಷ್ಟು ಅತ್ತಿದ್ದೆ! ಲಮಾರಾ ಅಳಲಿಲ್ಲ. ಆ ದಿನವೆಲ್ಲ ನನ್ನ ತಟ್ಟೆಗೆ ಊಟ ಸುರಿಯುತ್ತಲೇ ಇದ್ದಳು.

ಭಾನುವಾರ ಗಂಡುಮಕ್ಕಳಿಬ್ಬರೂ ಸಂಸಾರ ಸಮೇತ ಊಟಕ್ಕೆ ಬಂದರು. ಹಿರಿಯವನು ಗೋಚಾ. ಅವನದು ದೊಡ್ಡ ಗಂಟಲು. ಇಲ್ಲಿ ಒಬ್ಬರು ಎದ್ದು ನಿಂತು ಹರಸದೆ ಯಾರೂ ವೈನ್ ಮುಟ್ಟುವಂತಿಲ್ಲ. ಅವನು ಲೋಟ ಎತ್ತಿದ: "ನಮ್ಮಮ್ಮ ಈ ಮನೆಯ ಕಂಬ. ಈ ಕಂಬ ಅಲುಗಾಡದೆ ನೂರು ವರ್ಷ ನಿಲ್ಲಲಿ!"

ಲಮಾರಾ ಎದ್ದಳು. "ಕಂಬಕ್ಕೆ ಕಾಲಿರಲ್ಲ ಕಣೋ ಗೋಚಾ, ನಂಗಿದೆ. ಗುರುವಾರ ಹಲಿನಾ ಜೊತೆ ಅರ್ಮೇನಿಯಾಕ್ಕೆ ಹೊರಟಿದ್ದೀನಿ."

ಗೋಚಾ ನಕ್ಕ. ಬೇರೆ ಯಾರೂ ನಗದಿದ್ದಾಗ ನನ್ನ ಕಡೆ ತಿರುಗಿದ. "ಹಲಿನಾ ಚಿಕ್ಕಮ್ಮ, ತಮಾಷೆ ತಾನೆ ಇದು?"

ನನ್ನ ಬಾಯಲ್ಲಿ ಅಕ್ರೋಟು ತುಂಬಿದ ಬದನೆಕಾಯಿ. ನುಂಗುವಷ್ಟು ಹೊತ್ತು ಲಮಾರಾ ನನ್ನನ್ನೇ ನೋಡುತ್ತಿದ್ದಳು. ಇಲ್ಲ ಎಂದಿದ್ದರೆ ಅವಳು ನಕ್ಕು ಕೂತುಬಿಡುತ್ತಿದ್ದಳು, ಮತ್ತೆ ಈ ಮಾತು ಎತ್ತುತ್ತಿರಲಿಲ್ಲ.

"ತಮಾಷೆ ಅಲ್ಲಪ್ಪ, ಗ್ಯುಮ್ರಿಗೆ ಎರಡು ಸೀಟು ಹೇಳಿ ಆಗಿದೆ" ಎಂದೆ. ಶುದ್ಧ ಸುಳ್ಳು. ಮರುದಿನ ಬೆಳಿಗ್ಗೆ ನಿಲ್ದಾಣಕ್ಕೆ ಓಡಿ, ಅರ್ಮೇನಿಯಾದ ಆ ಊರಿಗೆ ಹೋಗುವ ವ್ಯಾನಿನಲ್ಲಿ ಸೀಟು ಹೇಳಿಬಂದೆ.

"ಮತ್ತೆ ಅಪ್ಪಂಗೆ ಊಟ ಯಾರು ಹಾಕೋದು?" ಎಂದು ಗೋಚಾ ಗಂಟಲೇರಿಸಿದ.

ಓತಾರ್ ಹೆಂಡತಿಯನ್ನು ಕೇಳಿದ, "ಎಷ್ಟು ದಿನ?"

"ಹತ್ತು."

"ಹತ್ತೇನಾ?" ಎಂದವನೇ ತನ್ನ ಲೋಟ ತಾನೇ ತುಂಬಿಸಿಕೊಂಡು, "ಹೋಗಿ ಬರೋರಿಗೆ!" ಎಂದು ಒಂದೇ ಗುಟುಕಿಗೆ ಕುಡಿದ. ಲಮಾರಾಳ ಮುಖ ನೋಡಬೇಕಿತ್ತು ನೀನು. ಅವನು ಬೇಡವೆನ್ನುತ್ತಾನೆಂದು ಅವಳು ಆರು ವರ್ಷದಿಂದ ಕೇಳಿಯೇ ಇರಲಿಲ್ಲವಂತೆ. ಗೋಚಾ ಮಾತ್ರ ಇನ್ನೂ ಮುನಿಸಿಕೊಂಡಿದ್ದಾನೆ.

ನಾಳೆ ಎಂಟಕ್ಕೆ ವ್ಯಾನು. ಪಕ್ಕದ ಕೋಣೆಯಲ್ಲಿ ಲಮಾರಾ ಚೀಲ ತುಂಬುತ್ತಿದ್ದಾಳೆ. ಪ್ಲಮ್ ಚಟ್ನಿಯ ನಾಲ್ಕು ಜಾಡಿ ನಾನು ತೆಗೆದಿಟ್ಟಷ್ಟು ಸಲ ಅವಳು ಮತ್ತೆ ತುರುಕಿದ್ದಾಳೆ. ಅವಳ ಮಂಡಿಯನ್ನು ನೋಡಿದರೆ ನಿಧಾನವಾಗಿಯೇ ಹೋಗಬೇಕು. ಹಾಗಾಗಿ ತಡವಾಗುತ್ತದೆ. ಮಗುವಿಗೆ ಕೆಳಗಿನ ಮನೆಯ ಝೋಫಿಯಾ ಅವರನ್ನು ಕೇಳಿ ನೋಡು. ಕ್ರಿಸ್‌ಮಸ್‌ಗೆ ಖಂಡಿತ ಬರುತ್ತೇನೆ. ಪುಟ್ಟ ಸ್ಟಾಶ್‌ನ ಎರಡು ಕೆನ್ನೆಗೂ ಮುತ್ತು.

ನಿನ್ನ ಅಮ್ಮ,
ಹಲಿನಾ

ಮರೆತ ಮಾತು: ಮರೆತಿದ್ದಲ್ಲ, ಬರೆಯಲು ಧೈರ್ಯವಾಗಿರಲಿಲ್ಲ. ಊರಿಗೆ ಬರುವ ಟಿಕೆಟ್ಟನ್ನು ನಾನು ರದ್ದು ಮಾಡಿದ್ದು ಬಟುಮಿಯಲ್ಲಿ, ಲಮಾರಾಳ ಮನೆ ತಲುಪುವುದಕ್ಕೆ ನಾಲ್ಕು ದಿನ ಮೊದಲೇ. ಅವಳ ಮಂಡಿಗೂ ಇದಕ್ಕೂ ಸಂಬಂಧವಿಲ್ಲ. ಅವಳನ್ನು ಬೈಯಬೇಡ. ಗ್ಯುಮ್ರಿ ತಲುಪಿದ ಮೇಲೆ ಫೋನ್ ಮಾಡುತ್ತೇನೆ, ಆಗ ನನ್ನನ್ನು ಬೈ. ನಡುವೆ ಬಾಯಿ ಹಾಕುವುದಿಲ್ಲ.