ಬೆಣೆಯ ದಪ್ಪ ತುದಿ

ಜುಲೈ ೯, ಗುರುವಾರ. ಮೌನ್ ಪಟ್ಟಣ.

ಇವತ್ತೆಲ್ಲ ಆಸ್ಪತ್ರೆಯ ಆ ಜೀಪುಗಾಡಿಯದೇ ಚಿಂತೆ. ನಾಳೆ ಅಕ್ಕನ ಮಗಳು ಟಿರೆಲೊ ಅದರಲ್ಲಿ ನೆರೆನೀರು ದಾಟಿ, ಆಚೆ ಹಳ್ಳಿಯ ಕೂಸುಗಳಿಗೆ ಲಸಿಕೆ ಒಯ್ಯಬೇಕು. ನೀರು ತಾಗದಿರಲೆಂದು ಸೋಮವಾರ ನಾನೇ ಗಾಡಿಯ ಭಾರ ಹೊರುವ ಸ್ಪ್ರಿಂಗಿನ ಕಮಾನುಪಟ್ಟಿ ಬದಲಿಸಿ ಮೂರು ಇಂಚು ಎತ್ತರಿಸಿದ್ದೆ. ಅಂದಿನಿಂದ ಅದು ನೇರ ಓಡಿಲ್ಲ.

“ಮಾವಾ, ಮದುವೆ ಮಾತಾಡಿ ಕುಡಿದು ಬರೋ ಮಾವಂದಿರ ಹಂಗೆ ಓಲಾಡ್ತದೆ ಇದು. ತಿರುವಿನಲ್ಲಿ ಸ್ಟೀರಿಂಗ್ ವಾಪಸ್ಸೇ ಬರಲ್ಲ,” ಎಂದಳು.

ಎತ್ತರಿಸುವಾಗ ಮುಂದಿನ ಅಚ್ಚು ವಾಲಿಹೋಗಿರಬೇಕೆಂದು ಊಹಿಸಿ, ಅದನ್ನು ಸರಿಪಡಿಸಲು ಕಮಾನಿನಡಿ ಕಬ್ಬಿಣದ ಬೆಣೆ ಕೊಟ್ಟೆ. ಇನ್ನೂ ಕೆಟ್ಟಿತು! ಹಿಟ್ಟಿನುಂಡೆಗಳ ಮಗ್ವಿನ್ಯಾ ಕರಿಯುತ್ತಿದ್ದ ನನ್ನ ಹೆಂಡತಿ ಒನಲೆನ್ನಾ ನಕ್ಕಳು.

“ಕೈಬಿಟ್ಟು ಸೈಕಲ್ ಹೊಡೆದೇ ಅಲ್ವಾ ನನ್ನ ಮರುಳು ಮಾಡಿದ್ದು? ಅದರ ಮುಂದಿನ ಚಕ್ರ ಹಿಡಿದಿರೋ ಕವಲು ಯಾವ ಕಡೆ ವಾಲಿದೆ ಅಂತ ನೋಡ್ಬಾರದಾ?”

ನೋಡಿದೆ. ಕವಲಿನ ಮೇಲ್ತುದಿ ಸವಾರನ ಕಡೆಗೆ ವಾಲಿತ್ತು. ಹಾಗೆ ಹಿಂದಕ್ಕೆ ವಾಲಿದರೇ ಚಕ್ರ ತಾನಾಗಿ ನೇರಕ್ಕೆ ಬರುವುದು; ನನ್ನ ಗಾಡಿಯ ಅಚ್ಚು ಮುಂದಕ್ಕೆ ವಾಲಿತ್ತು. ಬೆಣೆಯ ದಪ್ಪ ತುದಿಯನ್ನೇ ತಿರುಗುಮುರುಗಾಗಿ ಇಟ್ಟಿದ್ದೆ! ಬಿಚ್ಚಿ ತಿರುಗಿಸಿ ಹಾಕಿದೆ.

ಸಂಜೆ ಟಿರೆಲೊ ಓಡಿಸಿ ಬಂದು ಕುಣಿದಳು. “ಕೈ ಸಡಿಲ ಬಿಟ್ಟೆ ಮಾವಾ, ತಾನಾಗೇ ನೇರಕ್ಕೆ ಬಂತು, ಸಂಜೆ ಕತ್ತೆ ಮನೆಗೆ ಬಂದ ಹಂಗೆ! ಎಲ್ಲಿ ಕಲಿತ್ರಿ?”

“ಅನುಭವ,” ಎಂದೆ. ಒಲೆಯ ಕಡೆಯಿಂದ ಕೆಮ್ಮು ಕೇಳಿತು.

ಬೆಳಿಗ್ಗೆ ಅವಳು ಹೊರಡುವ ಮೊದಲು ನಿಜ ಹೇಳಿಬಿಡಬೇಕು. ಸೈಕಲ್ಲಿಗೆ ಗಾಳಿಯನ್ನೂ ತುಂಬಬೇಕು. ಈಗಲೂ ಕೈಬಿಟ್ಟು ಹೊಡೀತೀರಾ ಎಂದು ಒನಲೆನ್ನಾ ಕೇಳಿದ್ದಾಳೆ. ಮೊಣಕಾಲು ಒಪ್ಪಿದರೆ...